ಪ್ಲೇಟ್‌ಲೆಟ್ ಚೆನ್ನಾಗಿದೆ ಅಂತ ಮಡಚಿಟ್ಟ ರಿಪೋರ್ಟು

ಕರಾವಳಿಯಲ್ಲಿ ಮಳೆಗಾಲ ಶುರುವಾದರೆ ಲ್ಯಾಬುಗಳ ಬಾಗಿಲಲ್ಲಿ ಚಪ್ಪಲಿ ರಾಶಿ. ಜ್ವರ ಬಂದ ಕೂಡಲೇ ಮಲೇರಿಯಾ ಟೆಸ್ಟಿಗೆ ರಕ್ತ ಕೊಡುವುದು ಮಂಗಳೂರಿನವರಿಗೆ ರೂಢಿಯಾಗಿ ಎಷ್ಟೋ ವರ್ಷವಾಯಿತು. ಈಗ ಅದರ ಜೊತೆಗೆ ಡೆಂಗಿಯೂ ಸೇರಿದೆ. ಹಾಗಾಗಿ ನಮ್ಮೂರಲ್ಲಿ ಶಾಲೆ ಮಕ್ಕಳಿಗೂ ಪ್ಲೇಟ್‌ಲೆಟ್ ಅನ್ನೋ ಶಬ್ದ ಗೊತ್ತು. ಒಂದೂವರೆ ಲಕ್ಷಕ್ಕಿಂತ ಮೇಲಿದ್ದರೆ ಸಮಾಧಾನ. ಕೆಳಗಿಳಿದರೆ ಪಪ್ಪಾಯಿ ಎಲೆಗೆ ಹುಡುಕಾಟ.

ನಮ್ಮ ದೊಡ್ಡಪ್ಪನ ವಿಷಯದಲ್ಲೂ ಹೀಗೇ ಆಯಿತು. ಅವರು ಕಾಪು ಹತ್ತಿರ ಸಣ್ಣ ಜಿನಸು ಅಂಗಡಿ ಇಟ್ಟುಕೊಂಡಿದ್ದಾರೆ. ಆಗ ಅವರಿಗೆ ಅರವತ್ತೆರಡು ವರ್ಷ. ಜುಲೈ ತಿಂಗಳಲ್ಲಿ ಮೂರು ದಿನ ಜ್ವರ ಬಂತು. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ಪ್ಲೇಟ್‌ಲೆಟ್ 4 ಲಕ್ಷದ 30 ಸಾವಿರ. "ಪ್ಲೇಟ್‌ಲೆಟ್ ಚೆನ್ನಾಗಿದೆ" ಅಂತ ಮನೆಯವರೆಲ್ಲ ನೆಮ್ಮದಿಪಟ್ಟು, ರಿಪೋರ್ಟ್ ಮಡಚಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ಹಾಕಿದೆವು. ಅದೇ ಹಾಳೆಯ ಮೊದಲ ಸಾಲಿನಲ್ಲಿ ಹಿಮೋಗ್ಲೋಬಿನ್ 12.7 ಎಂದಿತ್ತು. ಪಕ್ಕದಲ್ಲಿ ಸಣ್ಣ ಗುರುತೂ ಇತ್ತು. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಹತ್ತು ತಿಂಗಳಾದ ಮೇಲೆ ಅಕ್ಕಿ ಮೂಟೆ ಎತ್ತುವುದು ಬಿಡಿ, ಅಂಗಡಿಯ ನಾಲ್ಕು ಮೆಟ್ಟಿಲು ಹತ್ತಿದರೂ ಅವರಿಗೆ ಏದುಸಿರು ಬರತೊಡಗಿತು. "ಎಂತ ಇಲ್ಲ ಮಾರಾಯ, ವಯಸ್ಸಾಯಿತಲ್ಲ" ಅನ್ನುತ್ತಿದ್ದರು. "ಒಮ್ಮೆ ತೋರಿಸಿಕೊಂಡು ಬರುವ ದೊಡ್ಡಪ್ಪ" ಅಂತ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 9.1ಕ್ಕೆ ಇಳಿದಿತ್ತು. ಈ ಸಲ ನೋಡಿದ ಡಾಕ್ಟರು ಮಾತ್ರೆ ಬರೆದು ಕಳಿಸಲಿಲ್ಲ. ದೇಹದಲ್ಲಿ ಕಬ್ಬಿಣ ಎಷ್ಟಿದೆ ಅಂತ ತಿಳಿಯಲು ಫೆರಿಟಿನ್ ಟೆಸ್ಟ್ ಮಾಡಿಸಿದರು, ಆಮೇಲೆ ಕರುಳಿನೊಳಗೆ ಕ್ಯಾಮೆರಾ ನಳಿಗೆ ಹಾಕಿ ನೋಡುವ ಕೊಲೊನೋಸ್ಕೋಪಿಗೆ ದಿನ ಕೊಟ್ಟರು. ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಒಂದು ಸಂಜೆ ನಾನು ಆ ಕವರನ್ನು ಊಟದ ಮೇಜಿನ ಮೇಲೆ ಸುರಿದೆ. ಕರೆಂಟ್ ಬಿಲ್ಲು, ಕನ್ನಡಕದ ಚೀಟಿ, ಅವುಗಳ ನಡುವೆ ಮೂರು ಸಿಬಿಸಿ ರಿಪೋರ್ಟು, ಅಂದರೆ ರಕ್ತಕಣಗಳ ಲೆಕ್ಕ. ತಾರೀಕಿನ ಪ್ರಕಾರ ಸಾಲಾಗಿ ಇಟ್ಟೆ. ಹಿಮೋಗ್ಲೋಬಿನ್ 14.4, ಆಮೇಲೆ 12.7, ಆಮೇಲೆ 9.1. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ 89, 81, 70. ಪ್ಲೇಟ್‌ಲೆಟ್ ಮಾತ್ರ ಮೇಲಕ್ಕೆ ಹೋಗಿತ್ತು: 2.6 ಲಕ್ಷ, 4.3 ಲಕ್ಷ, 5.2 ಲಕ್ಷ. ನಡುವಿನ ರಿಪೋರ್ಟನ್ನು ಒಂದನ್ನೇ ನೋಡಿದರೆ ಏನೂ ಅನಿಸುವುದಿಲ್ಲ. ಎಂಸಿವಿ ನಾರ್ಮಲ್, ಪ್ಲೇಟ್‌ಲೆಟ್ ನಾರ್ಮಲ್, ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ, ಅಷ್ಟೇ. ಆದರೆ ಹಿಂದಿನ ವರ್ಷದ ಹಾಳೆಯನ್ನು ಪಕ್ಕಕ್ಕೆ ಇಟ್ಟರೆ ಒಂದಲ್ಲ, ಮೂರು ಸಂಖ್ಯೆಗಳು ಒಟ್ಟಿಗೆ ಜಾಗ ಬಿಟ್ಟು ಸರಿದಿದ್ದವು.

ನಾನು ಹೇಳಬೇಕೆಂದಿರುವುದು ಇದನ್ನೇ. ಕರುಳಿನ ಕ್ಯಾನ್ಸರಿಗೆ ಹೊಸ ಹೊಸ ಟೆಸ್ಟ್ ಬರುತ್ತಿವೆ, ಬರಲಿ. ಆದರೆ ನಾವು ಆಗಲೇ ದುಡ್ಡು ಕೊಟ್ಟು ಮಾಡಿಸಿ, ಓದದೆ ಮಡಚಿಟ್ಟ ಸಾದಾ ರಕ್ತ ಪರೀಕ್ಷೆಯಲ್ಲೇ ಎಷ್ಟೋ ಸಲ ಸುಳಿವು ಕೂತಿರುತ್ತದೆ. ಆ ಸುಳಿವು ಸಿಗುವುದು ಹಳೆಯ ರಿಪೋರ್ಟನ್ನೂ ಹೊಸದನ್ನೂ ಜೋಡಿಸಿ ನೋಡಿದಾಗ.

ದೊಡ್ಡ ಕರುಳು ಹೊಟ್ಟೆಯ ಬಲಗಡೆ ಕೆಳಗೆ ಶುರುವಾಗಿ, ಮೇಲೆ ಹೋಗಿ, ಅಡ್ಡ ಬಂದು, ಎಡಗಡೆ ಇಳಿದು ಗುದದ್ವಾರಕ್ಕೆ ಸೇರುತ್ತದೆ. ಬಲಭಾಗದಲ್ಲಿ ಕರುಳು ಅಗಲ, ಒಳಗಿರುವ ಮಲ ಇನ್ನೂ ನೀರು ನೀರು. ಅಲ್ಲಿ ಗಡ್ಡೆ ಬೆಳೆದರೂ ದಾರಿ ಬೇಗ ಕಟ್ಟುವುದಿಲ್ಲ. ಅದರಿಂದ ಜಿನುಗುವ ರಕ್ತ ಮಲದಲ್ಲಿ ಬೆರೆತು ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಡಭಾಗದಲ್ಲಿ ಹಾಗಲ್ಲ. ಕರುಳು ಇಕ್ಕಟ್ಟು, ಮಲ ಗಟ್ಟಿ. ಅಲ್ಲಿ ಗಡ್ಡೆಯಾದರೆ ಮಲಬದ್ಧತೆ, ಹೊಟ್ಟೆ ಹಿಂಡುವುದು, ರಕ್ತ ಕಾಣುವುದು ಬೇಗ ಗೊತ್ತಾಗುತ್ತದೆ. ಬಲಭಾಗದ ಕ್ಯಾನ್ಸರಿನಲ್ಲಿ ಮೊದಲ ದೂರು ಹೊಟ್ಟೆಯದ್ದೇ ಆಗಿರಬೇಕೆಂದಿಲ್ಲ. ಎಷ್ಟೋ ಜನರಲ್ಲಿ ಅದು ಬರೀ ಸುಸ್ತು.

ಲೆಕ್ಕ ಹಾಕಿದರೆ ಇದು ಹೇಗೆ ಆಗುತ್ತದೆ ಅಂತ ಗೊತ್ತಾಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಾವು ತಿಂದದ್ದರಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ದಿನಕ್ಕೆ ಎರಡು ಟೀ ಚಮಚದಷ್ಟು, ಅಂದರೆ ಹತ್ತು ಮಿಲಿಲೀಟರ್ ರಕ್ತ ಜಿನುಗಿದರೆ ಐದು ಮಿಲಿಗ್ರಾಂ ಕಬ್ಬಿಣ ಹೋಯಿತು. ಗಂಡಸಿನ ದೇಹದ ಉಗ್ರಾಣದಲ್ಲಿ ಇರುವುದು ಸುಮಾರು ಒಂದು ಗ್ರಾಂ. ಒಂದು ವರ್ಷದೊಳಗೆ ಅದು ಖಾಲಿಯಾಗಬಹುದು. ಬಸಳೆ, ಹರಿವೆ, ಮೀನು ಏನೇ ತಿನ್ನಿ, ಇಷ್ಟು ದೊಡ್ಡ ತೂತನ್ನು ಊಟದಿಂದ ತುಂಬಿಸಲು ಆಗುವುದಿಲ್ಲ.

ಉಗ್ರಾಣದಲ್ಲಿ ಎಷ್ಟು ಉಳಿದಿದೆ ಅಂತ ಹೇಳುವುದು ಫೆರಿಟಿನ್. ಮೊದಲು ಇಳಿಯುವುದು ಅದು. ಕಬ್ಬಿಣ ಸಾಲದೇ ಹೋದಾಗ ಮೂಳೆಮಜ್ಜೆ ಕೆಂಪು ಕಣಗಳನ್ನು ಸಣ್ಣ ಮಾಡುತ್ತಾ ಹೋಗುತ್ತದೆ. ಹಳೆಯ ದೊಡ್ಡ ಕಣಗಳು, ಹೊಸ ಸಣ್ಣ ಕಣಗಳು ಎರಡೂ ಬೆರೆತಿರುವಾಗ ಆರ್‌ಡಿಡಬ್ಲ್ಯೂ ಎಂಬ ಸಂಖ್ಯೆ ಏರುತ್ತದೆ. ಎಂಸಿವಿ 80ರಿಂದ 100ರೊಳಗೆ ಇರಬೇಕಾದದ್ದು ಕೆಳಗೆ ಬರುತ್ತದೆ. ಹಿಮೋಗ್ಲೋಬಿನ್ ಗಂಡಸರಿಗೆ 13, ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಮ್ಮಿಯಾದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ರಕ್ತಹೀನತೆ. ಇನ್ನು ಪ್ಲೇಟ್‌ಲೆಟ್. ಕಬ್ಬಿಣ ಕಮ್ಮಿಯಾದಾಗ ಅದು ಏರುತ್ತದೆ. ದೇಹದಲ್ಲಿ ಉರಿಯೂತ ಇದ್ದರೂ ಏರುತ್ತದೆ. ಗಡ್ಡೆಯೇ ಉರಿಯೂತ ಹುಟ್ಟಿಸಬಹುದು.

ಪ್ಲೇಟ್‌ಲೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಡೆಂಗಿಯ ಹೆದರಿಕೆಯಿಂದ ನಮಗೆ ಅದು ಇಳಿಯುವುದು ಮಾತ್ರ ಕೆಟ್ಟದ್ದು ಅನಿಸಿಬಿಟ್ಟಿದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಂಬಿದ್ದೇವೆ. ಆದರೆ ನಾಲ್ಕೂವರೆ ಲಕ್ಷ ದಾಟಿದರೆ ಅದಕ್ಕೂ ಕಾರಣ ಹುಡುಕಬೇಕು. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಲವತ್ತು ದಾಟಿದವರನ್ನು ನೋಡಿತು. ಪ್ಲೇಟ್‌ಲೆಟ್ ಜಾಸ್ತಿ ಬಂದ ಗಂಡಸರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ, ಹೆಂಗಸರಲ್ಲಿ ಸುಮಾರು 6 ಮಂದಿಗೆ ಒಂದು ವರ್ಷದೊಳಗೆ ಯಾವುದಾದರೊಂದು ಕ್ಯಾನ್ಸರ್ ಪತ್ತೆಯಾಯಿತು. ಅದರಲ್ಲಿ ಮುಂದಿದ್ದದ್ದು ಶ್ವಾಸಕೋಶ ಮತ್ತು ಕರುಳಿನ ಕ್ಯಾನ್ಸರ್. ಆ ಲೆಕ್ಕ ಆ ದೇಶದ್ದು. ಇಲ್ಲಿ ಸೋಂಕು, ಕಬ್ಬಿಣದ ಕೊರತೆ ಎರಡೂ ಹೆಚ್ಚು, ಹಾಗಾಗಿ ಅದನ್ನು ಹಾಗೇ ನಮ್ಮ ಮೇಲೆ ಹೊದಿಸಬಾರದು. ಜ್ವರ ಇದ್ದಾಗ ಏರಿದ ಪ್ಲೇಟ್‌ಲೆಟ್ ಜ್ವರ ಹೋದ ಮೇಲೆ ಇಳಿಯಬೇಕು. ನಾಲ್ಕಾರು ವಾರ ಬಿಟ್ಟು ಇನ್ನೊಮ್ಮೆ ನೋಡಿ, ಆಗಲೂ ಮೇಲೆಯೇ ಇದ್ದರೆ ಡಾಕ್ಟರ ಹತ್ತಿರ ಕೇಳಬೇಕು.

ಯಾರೂ ಇದನ್ನು ಓದಿ ಗಾಬರಿ ಬೀಳಬೇಡಿ. ನಮ್ಮ ದೇಶದಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂದರೆ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸರಲ್ಲಿ 25 ಮಂದಿಗೆ ಅದು ಕಂಡಿತು. ಬಹುಪಾಲು ಕಾರಣ ಕ್ಯಾನ್ಸರ್ ಅಲ್ಲವೇ ಅಲ್ಲ. ಮುಟ್ಟಿನ ರಕ್ತಸ್ರಾವ, ಊಟದ ಕೊರತೆ, ಕೊಕ್ಕೆಹುಳು, ಹೊಟ್ಟೆಯ ಹುಣ್ಣು, ಮಂಡಿನೋವಿಗೆ ದಿನಾ ನುಂಗುವ ನೋವಿನ ಮಾತ್ರೆ, ಹೃದಯಕ್ಕೆ ಕೊಟ್ಟ ಆಸ್ಪಿರಿನ್, ಮೂಲವ್ಯಾಧಿ, ಹೀಗೆ ಎಷ್ಟೋ ಇವೆ. ಎಂಸಿವಿ ಕಮ್ಮಿ ಇದ್ದು ಫೆರಿಟಿನ್ ಸರಿ ಇದ್ದರೆ ಹುಟ್ಟಿನಿಂದ ಬಂದ ಥಲಸೀಮಿಯಾ ವಾಹಕತೆಯೂ ಇರಬಹುದು. ಆದರೆ ಇನ್ನೊಂದು ಮಾತೂ ಇದೆ. ಇಷ್ಟು ಸಾಮಾನ್ಯವಾದದ್ದರಿಂದಲೇ ನಾವು ಕಾರಣ ಕೇಳುವುದನ್ನು ಬಿಟ್ಟಿದ್ದೇವೆ. ಹಿಮೋಗ್ಲೋಬಿನ್ ಕಮ್ಮಿ ಅಂದ ಕೂಡಲೇ ಬೀಟ್‌ರೂಟು, ಖರ್ಜೂರ, ದಾಳಿಂಬೆ, ಒಂದು ಕಬ್ಬಿಣದ ಟಾನಿಕ್. ತೂತು ಬಿದ್ದ ಟ್ಯಾಂಕಿಗೆ ಪಂಪು ಹಾಕುತ್ತಲೇ ಇದ್ದ ಹಾಗೆ. ನೀರಿನ ಮಟ್ಟ ಕೆಲವು ದಿನ ಮೇಲೆ ಬರುತ್ತದೆ, ತೂತು ದೊಡ್ಡದಾಗುತ್ತಲೇ ಇರುತ್ತದೆ.

ಮುಟ್ಟು ನಿಂತ ಹೆಂಗಸರು ಮತ್ತು ಗಂಡಸರು, ಈ ಇಬ್ಬರ ವಿಷಯದಲ್ಲಿ ಮಾತ್ರ ಸುಮ್ನೆ ಬಿಡಬಾರದು. ಇವರಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದರೆ ಹೊಟ್ಟೆಯನ್ನು ಬಾಯಿಯ ಕಡೆಯಿಂದಲೂ ಕರುಳನ್ನು ಕೆಳಗಿನಿಂದಲೂ ನೋಡಬೇಕು ಅಂತ ಬ್ರಿಟನ್ನಿನ ಜಠರ-ಕರುಳು ತಜ್ಞರ ಸಂಘದ 2021ರ ಮಾರ್ಗಸೂಚಿ ಹೇಳುತ್ತದೆ. ಅಲ್ಲಿ 2023ರಿಂದ ಅನುಮಾನ ಬಂದವರಿಗೆ ಮೊದಲು ಮಲದಲ್ಲಿ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆ ಮಾಡಿ, ಒಂದು ಗ್ರಾಂ ಮಲದಲ್ಲಿ 10 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಇದ್ದರೂ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ನಮ್ಮಲ್ಲಿ ಹೆಂಗಸರ ಕಥೆ ಹೆಚ್ಚು ಬೇಸರದ್ದು. ಐವತ್ತೈದು ವರ್ಷದ ಚಿಕ್ಕಮ್ಮನಿಗೆ ಹಿಮೋಗ್ಲೋಬಿನ್ 9 ಇದ್ದರೆ "ಅವಳಿಗೆ ಮೊದಲಿನಿಂದಲೂ ರಕ್ತ ಕಮ್ಮಿ" ಅಂದುಬಿಡುತ್ತಾರೆ. ಮುಟ್ಟು ನಿಂತು ಐದು ವರ್ಷವಾಗಿದೆ, ಈಗ ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಯಾರಾದರೂ ಕೇಳಬೇಕಲ್ವಾ?

ಫೆರಿಟಿನ್ ಓದುವಾಗ ಒಂದು ಎಚ್ಚರ ಬೇಕು. ಉರಿಯೂತ, ಸೋಂಕು ಇದ್ದರೆ ಅದು ಸುಳ್ಳಾಗಿ ಏರುತ್ತದೆ. ಹಾಗಾಗಿ ಕ್ಯಾನ್ಸರ್ ಇರುವವರಲ್ಲಿ ಫೆರಿಟಿನ್ ನಾರ್ಮಲ್ ಕಂಡರೂ ಕಬ್ಬಿಣ ನಿಜಕ್ಕೂ ಕಮ್ಮಿ ಇರಬಹುದು. ಉರಿಯೂತ ತೋರಿಸುವ ಸಿಆರ್‌ಪಿಯನ್ನೂ ರಕ್ತದಲ್ಲಿ ಸಾಗುವ ಕಬ್ಬಿಣದ ಅಳತೆಯಾದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ನನ್ನೂ ಜೊತೆಗಿಟ್ಟು ಡಾಕ್ಟರು ತೀರ್ಮಾನ ಮಾಡುವುದು ಇದಕ್ಕೇ. ಇನ್ನೊಂದು, ಕಬ್ಬಿಣದ ಮಾತ್ರೆ ತಿನ್ನುತ್ತಿದ್ದರೆ ಮಲ ಕಪ್ಪಾಗುತ್ತದೆ, ಕೊಲೊನೋಸ್ಕೋಪಿಯಲ್ಲಿ ಕರುಳಿನ ಗೋಡೆ ಸರಿ ಕಾಣುವುದಿಲ್ಲ. ದೊಡ್ಡಪ್ಪನಿಗೆ ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಲು ಹೇಳಿದ್ದರು. ಹಿಂದಿನ ದಿನ ಗಂಜಿಯ ತಿಳಿ, ಎಳನೀರು, ಆಮೇಲೆ ಆ ಉಪ್ಪುಪ್ಪು ಔಷಧದ ನೀರು. ಲೋಟಕ್ಕೆ ಲೋಟ ಎಣಿಸಿ ಕುಡಿದರು. ಪರೀಕ್ಷೆಗಿಂತ ಅದೇ ಕಷ್ಟವಾಯಿತು ಅಂತ ಈಗಲೂ ಹೇಳುತ್ತಾರೆ.

ಈಗ ಸಿಇಎ ವಿಷಯ. ಅದು ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್. ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲಿ "ಟ್ಯೂಮರ್ ಮಾರ್ಕರ್" ಅಂತ ಇದನ್ನು ಸೇರಿಸುವುದು ಈಗೀಗ ಹೆಚ್ಚಾಗಿದೆ. ನನ್ನ ಅಭಿಪ್ರಾಯದಲ್ಲಿ ಆರೋಗ್ಯವಾಗಿರುವವರು ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಕಂಡುಹಿಡಿದರು. ಗರ್ಭದಲ್ಲಿರುವ ಮಗುವಿನ ಕರುಳಿನಲ್ಲಿ ಇರುವ ವಸ್ತು ಕರುಳಿನ ಕ್ಯಾನ್ಸರಿನಲ್ಲೂ ಸಿಕ್ಕಿತು. ಇದೇ ಕ್ಯಾನ್ಸರ್ ಹಿಡಿಯುವ ಬಲೆ ಆಗುತ್ತದೆ ಎಂದು ಆಗ ಆಸೆ ಹುಟ್ಟಿತ್ತು. ಆಗಲಿಲ್ಲ. ಶುರುವಿನ ಹಂತದ ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ ಸಿಇಎ ನಾರ್ಮಲ್ ಇರುತ್ತದೆ. ಇನ್ನೊಂದು ಕಡೆ ಬೀಡಿ, ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ, ಮೇದೋಜೀರಕದ ಉರಿಯೂತ, ಕರುಳಿನ ಹಳೆಯ ಉರಿಯೂತ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಮೊದಲನೆಯವರಿಗೆ ಸುಳ್ಳು ಧೈರ್ಯ, ಎರಡನೆಯವರಿಗೆ ಸುಳ್ಳು ಭಯ.

ಆದರೆ ಕಾಯಿಲೆ ಪತ್ತೆಯಾದವರಿಗೆ ಇದೇ ಸಿಇಎ ತುಂಬ ಉಪಯೋಗಕ್ಕೆ ಬರುತ್ತದೆ. ಆಪರೇಷನ್ನಿಗೆ ಮೊದಲು ಒಂದು ಸಲ ಅಳೆಯುತ್ತಾರೆ. ಏರಿದ್ದದ್ದು ಗಡ್ಡೆ ತೆಗೆದ ನಾಲ್ಕಾರು ವಾರದಲ್ಲಿ ನಾರ್ಮಲ್‌ಗೆ ಬರಬೇಕು. ಬರದಿದ್ದರೆ ಎಲ್ಲೋ ಉಳಿದಿದೆ ಅನ್ನುವ ಅನುಮಾನ. ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ನೋಡುತ್ತಾರೆ. ಒಂದೇ ಸಲ ಚೂರು ಏರಿದರೆ ಅದು ಮರಳಿ ಬಂತು ಅಂತಲ್ಲ. ಮತ್ತೆ ಅಳೆದಾಗಲೂ ಏರುತ್ತಾ ಹೋದರೆ ಸಿಟಿ ಸ್ಕ್ಯಾನ್. ಇಲ್ಲೂ ಲೆಕ್ಕಕ್ಕೆ ಬರುವುದು ಸಂಖ್ಯೆ ನಡೆಯುತ್ತಿರುವ ದಿಕ್ಕು. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು, ಯಾಕೆಂದರೆ ಯಂತ್ರ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ.

ದೊಡ್ಡಪ್ಪ ಅಂಗಡಿಯವರಲ್ಲವೇ, ಸಾಲದ ಪುಸ್ತಕದ ಹಿಂದಿನ ಪುಟಗಳಲ್ಲಿ ಗೆರೆ ಎಳೆದು ಈಗ ತಮ್ಮ ರಕ್ತದ ಲೆಕ್ಕ ಬರೆಯುತ್ತಾರೆ. ತಾರೀಕು, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಸಿಇಎ. ನೀಲಿ ಪೆನ್ನಿನಲ್ಲಿ, ಅಕ್ಕಿ-ಸಕ್ಕರೆ ಬರೆಯುವ ಅದೇ ಓರೆ ಅಕ್ಷರದಲ್ಲಿ. ಡಾಕ್ಟರು ಆ ಪುಟವನ್ನೇ ಮೊದಲು ಕೇಳುತ್ತಾರೆ.

ಕರುಳಿನ ಕ್ಯಾನ್ಸರ್ ಇರುವವರ ಸಾದಾ ರಕ್ತ ಪರೀಕ್ಷೆಯಿಂದ ಸಂಶೋಧಕರು ಈಗ ಇನ್ನೂ ಒಂದು ವಿಷಯ ಓದಲು ನೋಡುತ್ತಿದ್ದಾರೆ: ದೇಹ ಈ ಕಾಯಿಲೆಯನ್ನು ಹೇಗೆ ತಾಳಿಕೊಳ್ಳುತ್ತಿದೆ ಅನ್ನುವುದನ್ನು. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಉರಿಯೂತದಲ್ಲಿ ಏರುತ್ತದೆ, ಲಿಂಫೋಸೈಟ್ ಗಡ್ಡೆಯ ವಿರುದ್ಧ ಹೋರಾಡುವ ಪಡೆಯಲ್ಲಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎನ್‌ಎಲ್‌ಆರ್. ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ 70, ಲಿಂಫೋಸೈಟ್ 20 ಇದ್ದರೆ ಮೂರೂವರೆ. ಅದು ಹೆಚ್ಚಿರುವವರ ಗುಂಪಿನಲ್ಲಿ ಕಾಯಿಲೆಯ ಮುಂದಿನ ದಾರಿ ಕಷ್ಟದ್ದು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಗ್ಲಾಸ್ಗೋದ ವೈದ್ಯರು ಮಾಡಿದ ಲೆಕ್ಕ ಇನ್ನೂ ಸರಳ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಒಂದು ಅಂಕ, ಅದರ ಜೊತೆಗೆ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದ್ದರೆ ಎರಡು. ಅಂಕ ಏರಿದಷ್ಟೂ ಎಚ್ಚರಿಕೆ ಹೆಚ್ಚು.

ಇದನ್ನು ಮನೆಯಲ್ಲಿ ಕೂತು ಭಾಗಾಕಾರ ಮಾಡಿ ಹಣೆಬರಹ ಓದಲು ಬಳಸಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಎನ್‌ಎಲ್‌ಆರ್‌ಗೆ ಎಲ್ಲರೂ ಒಪ್ಪಿದ ಗಡಿ ಸಂಖ್ಯೆಯೇ ಇಲ್ಲ. ಒಂದು ನೆಗಡಿ-ಜ್ವರ ಬಂದರೆ ಅದು ಬದಲಾಗುತ್ತದೆ. ಕೀಮೋ ದಿನ ವಾಂತಿ ಬಾರದಿರಲಿ ಅಂತ ಕೊಡುವ ಡೆಕ್ಸಾಮೆಥಾಸೋನ್ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ, ಆಗ ಎನ್‌ಎಲ್‌ಆರ್ ಹಾರಿಬಿಡುತ್ತದೆ. ಅಲ್ಬುಮಿನ್ ಕಮ್ಮಿ ಇದೆ ಅಂದರೆ ಈಗಲೇ ಮಾಡಬಹುದಾದ ಕೆಲಸ ಇದೆ. ಊಟ ಸರಿ ಸೇರುತ್ತಿದೆಯಾ, ತೂಕ ಇಳಿದಿದೆಯಾ, ಸೋಂಕು ಇದೆಯಾ, ಇವೆಲ್ಲ ನೋಡಿ ಸರಿಮಾಡಬಹುದು. ನಮ್ಮ ಮನೆಯಲ್ಲಿ ದೊಡ್ಡಮ್ಮ ಗಂಜಿಯ ಜೊತೆಗೆ ಮೊಟ್ಟೆ, ಮೀನು ದಿನಾ ಸೇರಿಸಿದ್ದು ಆಗಲೇ.

ಲಿವರ್, ಕಿಡ್ನಿ ಪರೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕರುಳಿನ ರಕ್ತ ನೇರ ಲಿವರಿಗೆ ಹೋಗುತ್ತದೆ, ಹಾಗಾಗಿ ಈ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಅಲ್ಲಿಗೇ. ಆದರೆ ಲಿವರ್ ಟೆಸ್ಟ್ ನಾರ್ಮಲ್ ಬಂದರೂ ಹರಡಿಲ್ಲ ಅಂತ ಹೇಳಲಾಗುವುದಿಲ್ಲ. ಅದಕ್ಕೆ ಸ್ಕ್ಯಾನೇ ಬೇಕು. ಕ್ರಿಯಾಟಿನಿನ್ ನೋಡುವುದು ಸ್ಕ್ಯಾನಿನ ಔಷಧ ಮತ್ತು ಕೀಮೋ ಪ್ರಮಾಣಕ್ಕಾಗಿ.

ಕೀಮೋ ಶುರುವಾದ ಮೇಲೆ ಸಿಬಿಸಿಯ ಅರ್ಥವೇ ತಿರುಗಿಬಿಡುತ್ತದೆ. ಮೊದಲು ಪ್ಲೇಟ್‌ಲೆಟ್ ಏರಿದ್ದು ಸುಳಿವಾಗಿತ್ತು, ಈಗ ಇಳಿಯುವುದು ಚಿಂತೆ. ನ್ಯೂಟ್ರೋಫಿಲ್ ಕಮ್ಮಿಯಾದರೆ ಡಾಕ್ಟರು ಕೀಮೋ ಒಂದು ವಾರ ಮುಂದೆ ಹಾಕಬಹುದು. ನಮ್ಮ ಊರಿಗೆ ಇಲ್ಲಿ ಒಂದು ವಿಶೇಷ ಅಪಾಯ ಇದೆ. ಕೀಮೋ ತೆಗೆದುಕೊಳ್ಳುತ್ತಿರುವವರಿಗೆ ಮಳೆಗಾಲದಲ್ಲಿ ಜ್ವರ 100.4 ಡಿಗ್ರಿ ದಾಟಿದರೆ "ಮಲೇರಿಯಾ ಇರಬೇಕು, ಬೆಳಿಗ್ಗೆ ರಕ್ತ ಕೊಡುವ" ಅಂತ ಪ್ಯಾರಾಸಿಟಮಾಲ್ ನುಂಗಿ ಮಲಗಬಾರದು. ನ್ಯೂಟ್ರೋಫಿಲ್ ಇಳಿದಿರುವಾಗ ಬಂದ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಬರಬಹುದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ಕೀಮೋ ನಡೆಯುತ್ತಿದೆ ಅಂತ ಹೇಳಬೇಕು.

ರಕ್ತದಿಂದಲೇ ಕರುಳಿನ ಕ್ಯಾನ್ಸರ್ ಹಿಡಿಯುವ ಹೊಸ ಪರೀಕ್ಷೆಗಳ ಸುದ್ದಿ ನೀವೂ ಓದಿರಬಹುದು. ಶೀಲ್ಡ್ ಅನ್ನುವ ಪರೀಕ್ಷೆಗೆ 2024ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಕರು 45 ದಾಟಿದವರ ತಪಾಸಣೆಗೆ ಒಪ್ಪಿಗೆ ಕೊಟ್ಟರು. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರನ್ನು ಅದು ಹುಡುಕುತ್ತದೆ. ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 83 ಮಂದಿಯನ್ನು ಹಿಡಿಯಿತು. ಆದರೆ ಮುಂದೆ ಕ್ಯಾನ್ಸರ್ ಆಗಬಹುದಾದ ದೊಡ್ಡ ಪಾಲಿಪ್‌ಗಳಲ್ಲಿ, ಅಂದರೆ ಕರುಳಿನ ಒಳಗೋಡೆಯ ಗಂಟುಗಳಲ್ಲಿ, ಹಿಡಿದದ್ದು ನೂರಕ್ಕೆ 13 ಮಾತ್ರ. ಕೊಲೊನೋಸ್ಕೋಪಿಯಲ್ಲಿ ಆ ಪಾಲಿಪ್ಪನ್ನು ಕಂಡಲ್ಲೇ ತೆಗೆದುಬಿಡಬಹುದು, ಕ್ಯಾನ್ಸರ್ ಆಗುವುದೇ ತಪ್ಪುತ್ತದೆ. ನನಗೆ ಹೆಚ್ಚು ಆಶೆ ಹುಟ್ಟಿಸಿದ್ದು ಇನ್ನೊಂದು ಕೆಲಸ. ಇಸ್ರೇಲಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಹೊಸ ಟೆಸ್ಟ್ ಏನೂ ಇಲ್ಲ. ವಯಸ್ಸು, ಗಂಡೋ ಹೆಣ್ಣೋ, ಮತ್ತು ಹಳೆಯ ಸಿಬಿಸಿಗಳು, ಇಷ್ಟನ್ನೇ ಕಂಪ್ಯೂಟರಿಗೆ ಕೊಟ್ಟು ಯಾರಿಗೆ ಕೊಲೊನೋಸ್ಕೋಪಿ ಬೇಕಾಗಬಹುದು ಅಂತ ಗುರುತಿಸಲು ನೋಡಿದರು. ನಾನು ಊಟದ ಮೇಜಿನ ಮೇಲೆ ಮೂರು ಹಾಳೆ ಜೋಡಿಸಿದ್ದೂ ಅದೇ ಕೆಲಸ, ತಡವಾಗಿ.

ನಮ್ಮ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ. ಕರುಳು ಅದರಲ್ಲಿಲ್ಲ. ಇಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಕಮ್ಮಿ, ಹಾಗಾಗಿ ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿ ಅಂತ ಕೇಳುವುದು ನ್ಯಾಯವಲ್ಲ. ಆದರೆ ಸಿಬಿಸಿ ಎಲ್ಲ ಕಡೆ ಆಗುತ್ತಿದೆ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ, ಮಣಿಪಾಲ-ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಲ್ಲಿ, ಪೇಟೆಯ ಸಣ್ಣ ಸಣ್ಣ ಲ್ಯಾಬುಗಳಲ್ಲಿ ಮಳೆಗಾಲ ಪೂರ್ತಿ ಆಗುತ್ತದೆ. ಪ್ರತಿ ಜ್ವರಕ್ಕೂ ಒಂದು ರಿಪೋರ್ಟ್. ಇಷ್ಟು ರಕ್ತದ ಲೆಕ್ಕ ಕೈಯಲ್ಲಿರುವ ಊರು ನಮ್ಮದು. ಬೇಕಾಗಿರುವುದು ಸಣ್ಣ ಬದಲಾವಣೆ. ರಿಪೋರ್ಟಿನಲ್ಲಿ ಇವತ್ತಿನ ಸಂಖ್ಯೆಯ ಪಕ್ಕ ಹಿಂದಿನ ಸಲದ್ದನ್ನೂ ಒಂದು ಕಾಲಮ್ಮಿನಲ್ಲಿ ಅಚ್ಚು ಹಾಕಿ. ನಲವತ್ತು ದಾಟಿದ ಗಂಡಸಿನ ಹಿಮೋಗ್ಲೋಬಿನ್ ಒಂದೂವರೆ ಇಳಿದಿದ್ದರೆ, ಮುಟ್ಟು ನಿಂತ ಹೆಂಗಸಿನದ್ದು ಇಳಿದಿದ್ದರೆ, ಕೆಳಗೆ "ಫೆರಿಟಿನ್ ನೋಡಿ" ಅಂತ ಒಂದು ಸಾಲು ಬರಲಿ.

ದೊಡ್ಡಪ್ಪನ ಆ ಮೂರು ಹಾಳೆಗಳ ಮೇಲ್ತುದಿಯಲ್ಲಿ ಇದ್ದದ್ದು ಒಂದೇ ಲ್ಯಾಬಿನ ಹೆಸರು, ಒಂದೇ ರೋಗಿ ನಂಬರು.